ಕಲ್ಲು ಹೋಯ್ತು, ನೋವು ಯಾಕೆ ಹೋಗಿಲ್ಲ?

ನಾನು ಯೂರಾಲಜಿ ಸರ್ಜನ್, ಅಂದರೆ ಕಿಡ್ನಿ, ಮೂತ್ರಕೋಶ ಇವುಗಳ ಆಪರೇಷನ್ ಮಾಡುವವನು. ಕೆಲಸ ಮಂಗಳೂರಿನಲ್ಲಿ, ಮನೆ ಗುಂಡ್ಯದ ಹತ್ತಿರ. ಊರಿಗೆ ಹೋದಾಗ ಗುಂಡ್ಯದ ಹೋಟೆಲಲ್ಲಿ ಚಾ ಕುಡೀತಾ ಕೂತರೂ ಯಾರಾದರೊಬ್ಬರು ಮೊಬೈಲ್ ತೆಗೆದು ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ತೋರಿಸ್ತಾರೆ. ಮೊದಲೆಲ್ಲ ಕೇಳ್ತಿದ್ದದ್ದು, "ಆಪರೇಷನ್ ಬೇಕಾ ಡಾಕ್ಟ್ರೇ, ಬಾಳೆದಿಂಡಿನ ರಸ ಕುಡಿದರೆ ಸಾಕಾ?" ಅಂತ. ಈಗ ಬೇರೆ ಪ್ರಶ್ನೆ. "ಕಲ್ಲು ಪೂರ್ತಿ ತೆಗೆದಾಯ್ತು ಹೇಳಿ ಕಳಿಸಿದ್ದಾರೆ. ಮತ್ತೆ ನೋವು ಎಂತಕ್ಕೆ?"

ಇವತ್ತಿನ ಮಾತು ಈ ಪ್ರಶ್ನೆಯ ಬಗ್ಗೆಯೇ.

ನಮ್ಮ ಕಡೆಯ ಒಬ್ಬ ಹುಡುಗ, ರಬ್ಬರ್ ಟ್ಯಾಪಿಂಗ್ ಮಾಡುವವನು, ಒಂದು ದಿನ ಫೋನ್ ಮಾಡಿದ. ಕಲ್ಲಿನ ಆಪರೇಷನ್ ಆಗಿ ಹತ್ತು ದಿನ. ಮೈಮೇಲೆ ಒಂದು ಹೊಲಿಗೆಯೂ ಇಲ್ಲ, ಎಲ್ಲ ಮೂತ್ರದ ದಾರಿಯಲ್ಲೇ ಲೇಸರ್‌ನಲ್ಲಿ ಮಾಡಿದ್ದು. ಆದರೆ ಬೆಳಗ್ಗೆ ತೋಟಕ್ಕೆ ಹೋಗಿ ಬಗ್ಗಿ ಏಳುವುದರೊಳಗೆ ಮೂತ್ರ ಕೆಂಪು. ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಅವಸರ. ಮೂತ್ರ ಮಾಡಿ ಮುಗಿಯುವ ಹೊತ್ತಿಗೆ ಸೊಂಟದಿಂದ ಬೆನ್ನಿಗೆ ಚುಚ್ಚಿದ ಹಾಗೆ ನೋವು. "ಆಪರೇಷನ್ ಹಾಳಾಗಿದೆ ಕಾಣ್ತದೆ ಅಣ್ಣ" ಅಂದ. ಡಿಸ್ಚಾರ್ಜ್ ಚೀಟಿಯ ಫೋಟೋ ಕಳಿಸಲು ಹೇಳಿದೆ. ಕೊನೆಯ ಸಾಲಿನಲ್ಲಿ ಬರೆದಿತ್ತು: ಎಡಗಡೆ ಡಿಜೆ ಸ್ಟೆಂಟ್ ಹಾಕಿದೆ, ಮೂರು ವಾರ ಬಿಟ್ಟು ತೆಗೆಯಬೇಕು. ತನ್ನ ಹೊಟ್ಟೆಯೊಳಗೆ ಇಂಥದ್ದೊಂದು ಕೊಳವೆ ಉಂಟು ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಆಪರೇಷನ್ ಹಾಳಾಗಿರಲಿಲ್ಲ. ನೋವು ಕಲ್ಲಿನದ್ದೂ ಅಲ್ಲ. ಅದು ಆಪರೇಷನ್ ಮಾಡಿದ ವಿಧಾನದ್ದು.

ಇದನ್ನು ಬಿಡಿಸಿ ಹೇಳಲು ಮೊದಲು ಕಲ್ಲಿನ ನೋವು ಎಲ್ಲಿಂದ ಬರ್ತದೆ ನೋಡುವ. ಕಿಡ್ನಿಯೊಳಗೆ ಸುಮ್ಮನೆ ಕೂತ ಕಲ್ಲು ಹೆಚ್ಚಿನ ಸಲ ನೋವೇ ಕೊಡುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಸಿಗ್ತದೆ ಅಷ್ಟೇ. ಅದು ಜಾರಿ ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಕೊಳವೆಯಲ್ಲಿ ಸಿಕ್ಕಿಹಾಕಿಕೊಂಡಾಗ ಕಥೆ ಶುರು. ಆ ಕೊಳವೆಗೆ ಯುರೇಟರ್ ಅಂತ ಹೆಸರು. ಉದ್ದ ಸುಮಾರು 25 ಸೆಂಟಿಮೀಟರ್, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್. ಅಲ್ಲಿ ಕಲ್ಲು ಕೂತರೆ ಮೇಲಿನಿಂದ ಬರುವ ಮೂತ್ರಕ್ಕೆ ದಾರಿ ಇಲ್ಲ. ಕಿಡ್ನಿ ಉಬ್ಬುತ್ತದೆ, ಒಳಗೆ ಒತ್ತಡ ಏರುತ್ತದೆ, ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಮನುಷ್ಯ ನೆಲದಲ್ಲಿ ಹೊರಳಾಡುವ ಆ ನೋವು ಇದರದ್ದು. ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟ ಕೂಡಲೇ ಆರಾಮ ಅನ್ನಿಸುವುದು ಅದು ಈ ಪ್ರೊಸ್ಟಾಗ್ಲಾಂಡಿನನ್ನೇ ತಡೆಯುವುದರಿಂದ.

ಕಲ್ಲು ತೆಗೆದರೆ ಈ ನೋವು ಮುಗೀತದೆ. ಅದು ನಿಜ. ಆದರೆ ಕಲ್ಲಿನ ಹತ್ತಿರ ಹೋಗಲು ಒಂದು ದಾರಿ ಬೇಕಲ್ಲ? ಆಪರೇಷನ್ ನಂತರದ ನೋವು ಆ ದಾರಿಯ ನೋವು. ಕಲ್ಲಿಗೆ ನರ ಇಲ್ಲ, ಅದನ್ನು ಒಡೆದರೆ ನೋವಾಗುವುದಿಲ್ಲ. ರೀಲ್ಸ್‌ನಲ್ಲಿ ಬರ್ತದೆ ನೋಡಿ, "ಲೇಸರ್ ಚಿಕಿತ್ಸೆ, ನೋವೇ ಇಲ್ಲ" ಅಂತ. ಲೇಸರ್ ಮಾಡುವುದು ಕಲ್ಲನ್ನು ಪುಡಿ ಮಾಡುವ ಕೆಲಸ ಮಾತ್ರ. ಮೂತ್ರದ ದಾರಿಯಿಂದ ಹೋದರೂ ಲೇಸರ್ ಬಳಸಬಹುದು, ಬೆನ್ನಿಗೆ ತೂತು ಮಾಡಿ ಹೋದರೂ ಅದೇ ಲೇಸರ್ ಬಳಸಬಹುದು. ಹಾಗಾಗಿ ಲೇಸರ್ ಅನ್ನುವ ಒಂದು ಪದದಿಂದ ನಿಮಗೆ ನಂತರ ಎಷ್ಟು ನೋವಿರ್ತದೆ ಅಂತ ಗೊತ್ತಾಗುವುದಿಲ್ಲ. ಆ ಜಾಹೀರಾತುಗಳನ್ನು ಕಂಡರೆ ನನಗೆ ಸಿಟ್ಟು ಬರ್ತದೆ, ಇರಲಿ.

ಹಳೆಯ ಕಾಲದ್ದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈಗಿನದ್ದರ ಬೆಲೆ ಗೊತ್ತಾಗುವುದಿಲ್ಲ. ನಿಮ್ಮ ಊರಿನ ಹಿರಿಯರಲ್ಲಿ ಕೆಲವರಿಗೆ ಬೆನ್ನಿನ ಪಕ್ಕದಿಂದ ಹೊಟ್ಟೆಯವರೆಗೆ ಓರೆಯಾಗಿ ಒಂದು ಉದ್ದ ಕಲೆ ಇರಬಹುದು. ಅದು ಓಪನ್ ಸರ್ಜರಿಯ ಗುರುತು. ಮೂರು ಪದರ ಸ್ನಾಯು ಕೊಯ್ದು, ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆದು ಕಿಡ್ನಿ ಮುಟ್ಟುತ್ತಿದ್ದರು. ಕೆಮ್ಮಿದರೆ ಜೀವ ಹೋದ ಹಾಗೆ, ಭಾರದ ಕೆಲಸಕ್ಕೆ ವಾಪಸು ಬರಲು ತಿಂಗಳುಗಳೇ ಬೇಕು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಬೆನ್ನಿಗೆ ಸಣ್ಣ ತೂತು ಮಾಡಿ ಕಲ್ಲು ತೆಗೆಯಬಹುದು ಅಂತ ವರದಿ ಮಾಡಿದರು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಅವರ ತಂಡ ಹೊರಗಿನಿಂದಲೇ ಶಾಕ್‌ವೇವ್ ಕೊಟ್ಟು ಕಲ್ಲು ಒಡೆಯಿತು. ಆಮೇಲೆ ಸಪೂರ ದುರ್ಬೀನುಗಳು ಬಂದವು, ಮೂತ್ರದ ದಾರಿಯಿಂದಲೇ ಮೇಲೆ ಹತ್ತಿ ಹೋಗುವಂಥವು. ಈಗ ಓಪನ್ ಸರ್ಜರಿ ಬೇಕಾಗುವುದು ಬಹಳ ಅಪರೂಪ.

ಈಗ ಬೆನ್ನಿನ ದಾರಿ. ಇದಕ್ಕೆ ಪಿಸಿಎನ್‌ಎಲ್ ಅಂತ ಹೇಳ್ತಾರೆ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲಿಗೆ ಸಾಮಾನ್ಯವಾಗಿ ಇದೇ. ಇಲ್ಲಿ ನೋವು ಹೆಚ್ಚು ಕಡಿಮೆ ಮಾಡುವ ಸಂಗತಿಗಳು ಹಲವು ಉಂಟು, ಮತ್ತು ಎಲ್ಲವೂ ಸರ್ಜನ್‌ನ ಕೈಯಲ್ಲಿ ಇರುವುದಿಲ್ಲ.

ತೂತಿನ ದಪ್ಪ ತೆಗೊಳ್ಳಿ. ನಾವು ಅದನ್ನು ಫ್ರೆಂಚ್ ಅನ್ನುವ ಅಳತೆಯಲ್ಲಿ ಹೇಳ್ತೇವೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಹಳೆಯ ಕ್ರಮದ ಪಿಸಿಎನ್‌ಎಲ್‌ಗೆ 24ರಿಂದ 30 ಫ್ರೆಂಚ್, ಅಂದರೆ ಎಂಟರಿಂದ ಹತ್ತು ಮಿಲಿಮೀಟರ್, ಒಂದು ಬಾಲ್‌ಪೆನ್ನಿನ ದಪ್ಪ. ಮಿನಿ ಪಿಸಿಎನ್‌ಎಲ್‌ನಲ್ಲಿ ಐದಾರು ಮಿಲಿಮೀಟರ್, ಜ್ಯೂಸ್ ಕುಡಿಯುವ ಸ್ಟ್ರಾ ಅಷ್ಟು. ಇನ್ನೂ ಸಪೂರದ್ದು ಮೈಕ್ರೋಪರ್ಕ್, 4.85 ಫ್ರೆಂಚ್, ಅಂದರೆ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇದನ್ನು ಬೆಳೆಸಿದವರಲ್ಲಿ ನಮ್ಮ ದೇಶದವರೇ ಮುಖ್ಯರು, ಗುಜರಾತಿನ ನಡಿಯಾದ್‌ನ ಮೂಲ್ಜಿಭಾಯಿ ಪಟೇಲ್ ಯೂರಾಲಜಿಕಲ್ ಆಸ್ಪತ್ರೆಯ ಡಾ. ಮಹೇಶ್ ದೇಸಾಯಿ ಮತ್ತು ತಂಡ. 2011ರಲ್ಲಿ ಅದರ ಮೊದಲ ವರದಿ ಬಂತು.

ಹಾಗಾದರೆ ಸಪೂರ ತೂತೇ ಒಳ್ಳೆಯದಾ? ಅಷ್ಟು ಸುಲಭ ಅಲ್ಲ ಮಾರಾಯ್ರೆ. ತೂತು ಸಣ್ಣದಾದರೆ ಕಲ್ಲನ್ನು ಹೆಚ್ಚು ಪುಡಿ ಮಾಡಬೇಕು, ಹೊತ್ತು ಹೆಚ್ಚು ಬೇಕು. ದೊಡ್ಡ ಕಲ್ಲಿಗೆ ಹಟ ಹಿಡಿದು ಸಣ್ಣ ತೂತು ಮಾಡಿ, ಚೂರುಗಳು ಒಳಗೇ ಉಳಿದು, ಮತ್ತೊಮ್ಮೆ ಆಪರೇಷನ್ ಆದರೆ? ಎರಡು ಸಣ್ಣ ನೋವು ಸೇರಿದರೆ ಒಂದು ದೊಡ್ಡ ನೋವಿಗಿಂತ ಕಡಿಮೆ ಅಲ್ಲ.

ತೂತಿನ ದಪ್ಪಕ್ಕಿಂತ ಅದು ಎಲ್ಲಿ ಆಯ್ತು ಅನ್ನುವುದು ಕೆಲವೊಮ್ಮೆ ದೊಡ್ಡ ವಿಷಯ. ಪ್ರತಿ ಪಕ್ಕೆಲುಬಿನ ಕೆಳಗಿನ ಅಂಚಿನಲ್ಲಿ ಒಂದು ನರ ಓಡ್ತದೆ. ಕೊನೆಯ ಪಕ್ಕೆಲುಬಿನ ಕೆಳಗೆ ತೂತು ಮಾಡಿದರೆ ಸ್ನಾಯುವಿನ ನೋವು ಮಾತ್ರ. ಕಿಡ್ನಿಯ ಮೇಲ್ಭಾಗಕ್ಕೆ ಹೋಗಬೇಕು ಅಂತ ಎರಡು ಪಕ್ಕೆಲುಬಿನ ನಡುವೆ ತೂತು ಮಾಡಿದರೆ ಆ ನರಕ್ಕೂ ಶ್ವಾಸಕೋಶದ ಹೊದಿಕೆಗೂ ಹತ್ತಿರ. ಆಗ ಉಸಿರು ಎಳೆದಾಗಲೆಲ್ಲ ಹಿಡಿದ ಹಾಗೆ ಆಗ್ತದೆ. ಕವಲೊಡೆದ ದೊಡ್ಡ ಕಲ್ಲು ಇದ್ದವರಿಗೆ ಬೇರೆ ದಾರಿ ಇಲ್ಲದೆ ಹಾಗೆ ಮಾಡಬೇಕಾಗ್ತದೆ, ಒಂದಕ್ಕಿಂತ ಹೆಚ್ಚು ತೂತೂ ಬೇಕಾಗಬಹುದು. ಮೊದಲೇ ಗೊತ್ತಿದ್ದರೆ ಆ ನೋವನ್ನು ಕಂಡು ಹೆದರಿಕೆಯಾಗುವುದಿಲ್ಲ.

ಮತ್ತೆ ಟ್ಯೂಬ್. ಆಪರೇಷನ್ ಮುಗಿದ ಮೇಲೆ ಬೆನ್ನಿನ ತೂತಿನಿಂದ ಕಿಡ್ನಿಗೆ ಒಂದು ಟ್ಯೂಬ್ ಇಟ್ಟು ಹೊರಗೆ ಚೀಲ ಕಟ್ಟುವುದು ಹಳೆಯ ರೂಢಿ. ರಕ್ತ, ಮೂತ್ರ ಅದರಲ್ಲಿ ಇಳೀತದೆ. ಮಲಗಿ ಮಗ್ಗುಲು ಬದಲಿಸಿದರೆ ಒಳಗೆ ಎಳೆಯುವುದೂ ಅದೇ. ಇದೇ ನಡಿಯಾದ್‌ನ ತಂಡ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಮೂವತ್ತು ರೋಗಿಗಳು, ಮೂರು ಗುಂಪು. ಒಂದು ಗುಂಪಿಗೆ ದಪ್ಪ ಟ್ಯೂಬ್, ಇನ್ನೊಂದಕ್ಕೆ ಸಪೂರ ಟ್ಯೂಬ್, ಮತ್ತೊಂದಕ್ಕೆ ಬೆನ್ನಿನ ಟ್ಯೂಬೇ ಇಲ್ಲ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದು. ಟ್ಯೂಬ್ ಇಲ್ಲದವರಿಗೆ ನೋವಿನ ಮದ್ದು ಎಲ್ಲರಿಗಿಂತ ಕಡಿಮೆ ಬೇಕಾಯಿತು. ಸಣ್ಣ ಅಧ್ಯಯನ, ಒಪ್ಪಿಕೊಳ್ಳುವ. ಆದರೆ ನಂತರ ಬೇರೆ ಬೇರೆ ಕಡೆ ಮಾಡಿದವೂ ಇದೇ ದಿಕ್ಕಿಗೆ ಬೆರಳು ತೋರಿಸಿವೆ. ರಕ್ತಸ್ರಾವ ಹೆಚ್ಚಿದ್ದರೆ, ಕೀವು ಇದ್ದರೆ, ಚೂರುಗಳು ಉಳಿದಿದ್ದರೆ ಟ್ಯೂಬ್ ಬೇಕೇ ಬೇಕು. ಏನೂ ತೊಂದರೆ ಇಲ್ಲದ ಆಪರೇಷನ್ನಿಗೂ ರೂಢಿಯಿಂದ ದಪ್ಪ ಟ್ಯೂಬ್ ಇಟ್ಟರೆ ಅದು ರೋಗಿಗೆ ಸುಮ್ಮನೆ ಕೊಟ್ಟ ನೋವು ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಸಣ್ಣ ಕೆಲಸ ಉಂಟು, ಖರ್ಚೂ ಹೆಚ್ಚಿಲ್ಲ. ಆಪರೇಷನ್ ಮುಗಿಸುವ ಮೊದಲು ತೂತಿನ ದಾರಿಯುದ್ದಕ್ಕೂ ಮರಗಟ್ಟಿಸುವ ಮದ್ದು ಚುಚ್ಚುವುದು. ಬ್ಯುಪಿವಕೇನ್ ಅಂತ ಅದರ ಹೆಸರು. ಇಲ್ಲವೇ ಅನಸ್ತೇಷಿಯಾ ಡಾಕ್ಟರು ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಸ್ನಾಯುವಿನ ಅಡಿಯಲ್ಲಿ ನರಗಳಿಗೆ ಮದ್ದು ಬಿಡುವುದು. ಇರೆಕ್ಟರ್ ಸ್ಪೈನೇ ಬ್ಲಾಕ್ ಅನ್ನುವ ಈ ಕ್ರಮ 2016ರಲ್ಲಿ ಬೆಳಕಿಗೆ ಬಂದದ್ದು. ಮೊದಲ ಕೆಲವು ಗಂಟೆಗಳು ದಾಟಲು ಒಳ್ಳೆಯ ಸಹಾಯ. ಅಲ್ಲಿಂದ ಮುಂದೆ ಮಾತ್ರೆ ಸಾಕು.

ಬೆನ್ನಿನ ನೋವು ಹೀಗೆ ಎರಡು ಮೂರು ದಿನಗಳಲ್ಲಿ ಇಳಿಯುವಂಥದ್ದು. ಹೆಚ್ಚು ದಿನ ಕಾಡುವುದು ಆ ರಬ್ಬರ್ ಹುಡುಗನಿಗೆ ಕಾಡಿದ್ದು.

ಡಿಜೆ ಸ್ಟೆಂಟ್. ಮದುವೆ ಮನೆಯ ಡಿಜೆಗೂ ಇದಕ್ಕೂ ಸಂಬಂಧ ಇಲ್ಲ. ಡಬಲ್ ಜೆ. ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಸುರುಳಿ ಸುತ್ತಿದ ಒಂದು ಮೆದು ಪ್ಲಾಸ್ಟಿಕ್ ಕೊಳವೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ, ನಡುವಿನ ಭಾಗ ಯುರೇಟರ್‌ನೊಳಗೆ. ದುರ್ಬೀನು ಹೋಗಿ ಬಂದ ಯುರೇಟರ್ ಒಳಗಿನಿಂದ ಬಾತುಕೊಳ್ತದೆ. ಮೂತ್ರ ಕಟ್ಟಿಕೊಳ್ಳದೆ ಇಳಿಯಲಿ ಅಂತ ಇದನ್ನು ಇಡುವುದು. ಉದ್ದೇಶ ಒಳ್ಳೆಯದೇ.

ಆದರೆ ಅದರ ಕೆಳಗಿನ ಸುರುಳಿ ಮೂತ್ರಕೋಶದ ತಳದಲ್ಲಿ ಕೂತು ಉಜ್ಜುತ್ತಾ ಇರ್ತದೆ. ಅಲ್ಲಿ ನರಗಳು ಹೆಚ್ಚು. ಅದಕ್ಕೇ ಪದೇ ಪದೇ ಅವಸರ, ಉರಿ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಮಾಮೂಲಿಯಾಗಿ ಮೂತ್ರ ಮಾಡುವಾಗ ಅದು ವಾಪಸು ಕಿಡ್ನಿಗೆ ಹೋಗದ ಹಾಗೆ ಯುರೇಟರಿನ ಕೆಳ ಬಾಯಿ ಮುಚ್ಚಿಕೊಳ್ತದೆ. ಸ್ಟೆಂಟ್ ಇದ್ದರೆ ಆ ಬಾಯಿ ತೆರೆದೇ ಇರ್ತದೆ. ನೀವು ಮುಕ್ಕಿ ಮೂತ್ರ ಮಾಡಿದರೆ ಒತ್ತಡ ನೇರ ಮೇಲಕ್ಕೆ ಹೋಗಿ ಕಿಡ್ನಿಯನ್ನು ಮುಟ್ಟುತ್ತದೆ. ಬೆನ್ನಿಗೆ ಚುಚ್ಚಿದ ಹಾಗಾಗುವುದು ಅದು. ಮುಕ್ಕಬೇಡಿ, ತುಂಬ ಹೊತ್ತು ಕಟ್ಟಿಕೊಳ್ಳಲೂಬೇಡಿ, ನಿಧಾನಕ್ಕೆ ಬಿಡಿ. ಇಷ್ಟು ಹೇಳಿದರೇ ಕೆಲವರಿಗೆ ಅರ್ಧ ನೋವು ಇಳೀತದೆ.

ಇದು ಅಪರೂಪದವರಿಗೆ ಆಗುವುದು ಅಂತ ಭಾವಿಸಬೇಡಿ. ಇಂಗ್ಲೆಂಡಿನಲ್ಲಿ ಜೋಶಿ ಎಂಬ ಯೂರಾಲಜಿಸ್ಟ್ ಮತ್ತು ಜೊತೆಗಾರರು ಸ್ಟೆಂಟ್ ಇರುವವರ ಕಷ್ಟ ಅಳೆಯಲೆಂದೇ ಒಂದು ಪ್ರಶ್ನಾವಳಿ ತಯಾರು ಮಾಡಿ 2003ರಲ್ಲಿ ಪ್ರಕಟಿಸಿದರು. ಸುಮಾರು ಶೇಕಡಾ 80ರಷ್ಟು ಜನರಿಗೆ ಮೂತ್ರದ ತೊಂದರೆಯೋ ನೋವೋ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಇತ್ತು. ಹತ್ತರಲ್ಲಿ ಎಂಟು ಮಂದಿ! ಅಂದರೆ ಸ್ಟೆಂಟ್ ಇಟ್ಟು ಕಳಿಸುವಾಗ "ನಿಮಗೆ ಹೀಗೆ ಹೀಗೆ ಆಗ್ತದೆ" ಅಂತ ಹೇಳದೆ ಇರುವುದು ಸರಿಯಾದ ಕ್ರಮ ಅಲ್ಲ.

ಗುಂಡ್ಯದ ಕಡೆಯವರಿಗೆ ಇದು ಇನ್ನೂ ಕಷ್ಟ. ಮಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದಾರಿ. ಅಡ್ಡಹೊಳೆಯಿಂದ ಬಿ.ಸಿ. ರೋಡಿನವರೆಗೆ ಚತುಷ್ಪಥದ ಕಾಮಗಾರಿ ಎಷ್ಟು ವರ್ಷ ಎಳೆಯಿತು ನಿಮಗೇ ಗೊತ್ತುಂಟು. ಸ್ಟೆಂಟ್ ಇರುವವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಆ ಹೊಂಡಗಳನ್ನು ದಾಟಿದರೆ ಮನೆಗೆ ಮುಟ್ಟುವಾಗ ಮೂತ್ರ ಕೆಂಪಾಗುವುದು ಖಂಡಿತ. ತಿಳಿ ಕೆಂಪಾಗಿ, ಚೆನ್ನಾಗಿ ನೀರು ಕುಡಿದಾಗ ಮತ್ತೆ ತಿಳಿಯಾದರೆ ಅದು ಸ್ಟೆಂಟಿನ ಉಜ್ಜಾಟ, ಹೆದರಬೇಡಿ. ಗಡ್ಡೆ ಗಡ್ಡೆಯಾಗಿ ಹೋದರೆ, ಮೂತ್ರ ಕಟ್ಟಿದರೆ ತಡ ಮಾಡದೆ ಬನ್ನಿ.

ಇಲ್ಲಿಯೂ ಸರ್ಜನ್ ಮಾಡಬಹುದಾದ್ದು ಉಂಟು. ಮೊದಲನೆಯದು, ಸ್ಟೆಂಟ್ ಇಡದೇ ಇರುವುದು. ಯುರೇಟರ್‌ನ ಕಲ್ಲು ಸಲೀಸಾಗಿ ಹೊರಬಂದಿದೆ, ಗಾಯ ಇಲ್ಲ, ಚೂರು ಉಳಿದಿಲ್ಲ ಅಂದರೆ ಎಲ್ಲರಿಗೂ ಸ್ಟೆಂಟ್ ಬೇಕಾಗಿಲ್ಲ ಅಂತ ಯುರೋಪಿನ ಯೂರಾಲಜಿ ಸಂಘದ ಮಾರ್ಗಸೂಚಿಯೇ ಹೇಳ್ತದೆ. ನಮ್ಮಲ್ಲಿ ಹಲವರು ಆದರೂ ಇಡ್ತೇವೆ. ಕಾರಣ ಇಲ್ಲದೆ ಅಲ್ಲ. ಮಂಗಳೂರಿನ ಒಳಗಿನವರಾದರೆ ರಾತ್ರಿ ನೋವು ಬಂದರೆ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಗೆ ಬರ್ತಾರೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಬುಡದಲ್ಲಿ, ಮನೆಯಿಂದ ಮುಖ್ಯರಸ್ತೆಗೇ ಮೂರು ಕಿಲೋಮೀಟರ್ ಜೀಪು ಬೇಕಾದವರನ್ನು ಸ್ಟೆಂಟ್ ಇಲ್ಲದೆ ಕಳಿಸಲು ಧೈರ್ಯ ಸಾಲುವುದಿಲ್ಲ. ದೂರದ ಊರಿನವರಿಗೆ ಸ್ಟೆಂಟ್ ಬಿದ್ದು, ಹತ್ತಿರದವರಿಗೆ ಬೀಳದೇ ಇರುವುದು ಈ ಲೆಕ್ಕಾಚಾರದಿಂದ. ನೋವಿಗೂ ಪಿನ್‌ಕೋಡ್ ಉಂಟು ನೋಡಿ.

ಇಟ್ಟರೂ ಉದ್ದ ಸರಿಯಾಗಿರಬೇಕು. ಗಿಡ್ಡ ಮನುಷ್ಯನಿಗೆ ಉದ್ದದ ಸ್ಟೆಂಟ್ ಹಾಕಿದರೆ ಸುರುಳಿ ಮೂತ್ರಕೋಶದ ಆಚೆ ಬದಿಗೂ ಹೋಗಿ ಕೂತು ಎರಡರಷ್ಟು ಕಾಟ ಕೊಡ್ತದೆ. ಟ್ಯಾಮ್ಸುಲೋಸಿನ್ ಅನ್ನುವ ಮಾತ್ರೆ ಯುರೇಟರನ್ನು ಸಡಿಲ ಮಾಡಿ ಈ ತೊಂದರೆಯನ್ನು ತಕ್ಕಮಟ್ಟಿಗೆ ಇಳಿಸ್ತದೆ, ತಲೆ ತಿರುಗಬಹುದು, ಹಾಗಾಗಿ ರಾತ್ರಿ ಕೊಡ್ತಾರೆ. ಮೆಡಿಕಲ್‌ನಿಂದ ನೀವೇ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗಬೇಡಿ. ಡೈಕ್ಲೋಫೆನಾಕ್‌ನಂಥವು ಕಿಡ್ನಿ ಮೊದಲೇ ಸೋತಿದ್ದರೆ ಇನ್ನೂ ಸೋಲಿಸ್ತವೆ. ನಿಮ್ಮ ಕ್ರಿಯೇಟಿನಿನ್ ಎಷ್ಟು ಅಂತ ನೋಡಿದವರು ಬರೆದುಕೊಟ್ಟದ್ದನ್ನು ಮಾತ್ರ ತೆಗೊಳ್ಳಿ.

ಈಗ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ವಿಷಯಕ್ಕೆ ಬರ್ತೇನೆ. ಸ್ಟೆಂಟಿನ ನೋವು ಇರುವವರ ಬಗ್ಗೆ ಅಲ್ಲ, ಇಲ್ಲದವರ ಬಗ್ಗೆ. ಆ ಹತ್ತರಲ್ಲಿ ಉಳಿದ ಇಬ್ಬರು ಉಂಟಲ್ಲ, ಅವರಿಗೆ ಏನೂ ಆಗುವುದಿಲ್ಲ. ಆರಾಮಾಗಿ ಕೆಲಸಕ್ಕೆ ಹೋಗ್ತಾರೆ. ಅಡಿಕೆ ಕೊಯ್ಲು ಬರ್ತದೆ, ಮಗಳ ಪರೀಕ್ಷೆ ಬರ್ತದೆ, ಸ್ಟೆಂಟ್ ತೆಗೆಸುವ ತಾರೀಕು ದಾಟಿಹೋಗ್ತದೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ತೆಗೆಯಬೇಕಾದದ್ದು. ಮೂರು ತಿಂಗಳು ದಾಟಿದರೆ ಅದರ ಮೇಲೆ ಉಪ್ಪು ಕಟ್ಟುವ ಅಪಾಯ ಏರುತ್ತಾ ಹೋಗ್ತದೆ. ಕಲ್ಲು ಬೆಳೆಯುವ ದೇಹ ಅದು, ಪ್ಲಾಸ್ಟಿಕ್ ಸಿಕ್ಕರೆ ಬಿಡ್ತದಾ? ವರ್ಷಗಟ್ಟಲೆ ಮರೆತ ಸ್ಟೆಂಟ್ ಎರಡೂ ತುದಿಯಲ್ಲಿ ಕಲ್ಲು ಕಟ್ಟಿ, ಎಳೆದರೆ ತುಂಡಾಗುವ ಸ್ಥಿತಿಗೆ ಬಂದಿರ್ತದೆ. ಆಗ ಒಂದಲ್ಲ, ಎರಡು ಮೂರು ಆಪರೇಷನ್. ಕೆಲವರ ಕಿಡ್ನಿಯೇ ಅಷ್ಟರಲ್ಲಿ ಸತ್ತುಹೋಗಿರ್ತದೆ. ಒಂದು ಸಣ್ಣ ಕಲ್ಲಿಗೆ ಶುರುವಾದದ್ದು, ಕಿಡ್ನಿ ಹೋಗುವಲ್ಲಿಗೆ.

ಅದಕ್ಕೆ ಈಗಲೇ ಫೋನ್ ನಿಮ್ಮ ಕೈಯಲ್ಲೇ ಉಂಟಲ್ಲ, ಮನೆಯಲ್ಲಿ ಯಾರಿಗಾದರೂ ಕಲ್ಲಿನ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ತೆಗೆದು ಓದಿ. ಡಿಜೆ ಅಂತಲೋ ಸ್ಟೆಂಟ್ ಅಂತಲೋ ಇದೆಯಾ ನೋಡಿ. ಇದ್ದರೆ ತೆಗೆಸುವ ತಾರೀಕಿಗೆ ಅಲಾರಾಂ ಇಡಿ, ಅಪ್ಪನ ಫೋನಲ್ಲಿ ಅಲ್ಲ, ನಿಮ್ಮ ಫೋನಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸಿದ್ದರೆ ಸ್ಟೆಂಟ್ ತೆಗೆಯುವುದೂ ಅದರಲ್ಲೇ ಆಗ್ತದಾ, ಪುನಃ ರೆಫರಲ್ ಬೇಕಾ ಅಂತ ಡಿಸ್ಚಾರ್ಜ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ. ದುಡ್ಡಿನ ಹೆದರಿಕೆಯಿಂದ ಬಾರದೇ ಉಳಿದವರನ್ನು ನಾನು ನೋಡಿದ್ದೇನೆ.

ಆಪರೇಷನ್ನಿಗೆ ಮೊದಲು ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಕೆಲವರು ಮೆಸೇಜ್ ಮಾಡಿದ್ದೀರಿ. ಬೆನ್ನಿನಿಂದಲಾ, ಮೂತ್ರದ ದಾರಿಯಿಂದಲಾ? ಹಾಗೆ ಯಾಕೆ? ಬೆನ್ನಿನಿಂದ ಆದರೆ ಟ್ಯೂಬ್ ಇರ್ತದಾ, ಎಷ್ಟು ದಿನ? ಸ್ಟೆಂಟ್ ಇಡ್ತೀರಾ, ಯಾವತ್ತು ತೆಗೀತೀರಿ? ಇಷ್ಟು ಕೇಳಿದರೆ ಯಾವ ಡಾಕ್ಟರೂ ಸಿಟ್ಟಾಗಬಾರದು. "ಒಳಗೆ ಹೋಗಿ ನೋಡಿಯೇ ನಿರ್ಧಾರ ಮಾಡಬೇಕು" ಅಂದರೆ ಅದೂ ಪ್ರಾಮಾಣಿಕ ಉತ್ತರವೇ. ಆಗ ಆಪರೇಷನ್ ಆದ ಮೇಲೆ ಇನ್ನೊಮ್ಮೆ ಕೇಳಿ.

ಒಂದು ನೋವನ್ನು ಮಾತ್ರ ಸಹಿಸಿಕೊಂಡು ಕೂರಬಾರದು. ನೋವಿನ ಜೊತೆ ಚಳಿ ನಡುಕ, ಜ್ವರ. ಅದು ವಿಧಾನದ ನೋವಲ್ಲ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಆಗಿರಬಹುದು, ಅದು ರಕ್ತಕ್ಕೆ ಏರಲು ಒಂದು ರಾತ್ರಿ ಸಾಕು. ಬೆಳಗ್ಗೆ ಬಸ್ಸಿಗೆ ಹೋಗುವ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಆ ಹುಡುಗನ ಸ್ಟೆಂಟ್ ಹೇಳಿದ ದಿನವೇ ತೆಗೆದರು. ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ ಹಾಕಿ, ಸಪೂರ ದುರ್ಬೀನು ಬಿಟ್ಟು, ಹಿಡಿದು ಎಳೆದದ್ದು, ಐದು ನಿಮಿಷದ ಕೆಲಸ. ತೆಗೆದ ದಿನ ಸಂಜೆ ಒಮ್ಮೆ ಬೆನ್ನು ಹಿಡಿಯಿತಂತೆ. ಯುರೇಟರ್ ಮತ್ತೆ ಸ್ವಂತ ಕಾಲಲ್ಲಿ ನಿಲ್ಲುವಾಗ ಕೆಲವರಿಗೆ ಒಂದು ದಿನ ಹಾಗೆ ಆಗ್ತದೆ, ಒಂದು ಮಾತ್ರೆಗೆ ಹೋಗ್ತದೆ. ಬೈಕ್ ಯಾವಾಗ ಓಡಿಸಬಹುದು ಅಂತ ಕೇಳಿದ. ಎರಡು ದಿನ ಬಿಟ್ಟು ಅಂದೆ. ಮರುದಿನವೇ ಓಡಿಸಿದ್ದಾನೆ ಅಂತ ಅವನ ತಾಯಿ ಹೇಳಿದರು.